ಆರ್ಡಿಸ್ ವೆಟ್ಜೆಲ್ ಮತ್ತು ಒಂಬತ್ತನೆಯ ಅಧ್ಯಕ್ಷರ ಐಸ್‌ಕ್ರೀಮ್

ನಮ್ಮ ವಿಶ್ವವಿದ್ಯಾನಿಲಯದ ಆಡಳಿತ ಭವನದಲ್ಲಿ ಹಿಂದಿನ ಅಧ್ಯಕ್ಷರೆಲ್ಲರ ತೈಲಚಿತ್ರಗಳಿವೆ. ಅವನ್ನು ನೋಡಲು ಯಾರೂ ಹೋಗುವುದಿಲ್ಲ. ವಿದ್ಯಾರ್ಥಿಗಳು ಅಧ್ಯಕ್ಷರ ಹೆಸರುಗಳನ್ನು ಕಲಿಯುವುದು ವಿಶ್ವವಿದ್ಯಾನಿಲಯದ್ದೇ ಆದ ಡೈರಿ ಅಂಗಡಿಯಲ್ಲಿ. ಅಲ್ಲಿ ಕೌಂಟರಿನ ಮೇಲುಗಡೆ ಒಂದು ಓಕ್ ಮರದ ಹಲಗೆ ಇದೆ. ಮೂರನೆಯ ಅಧ್ಯಕ್ಷರಿಂದ ಹಿಡಿದು ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಐಸ್‌ಕ್ರೀಮ್. ಲಾಕ್‌ರಿಜ್ ಎಂಬುವರು ಪಶುವೈದ್ಯ ಕಾಲೇಜನ್ನು ಕಟ್ಟಿಸಿದ ಮಹನೀಯರು ಎಂಬುದು ಹುಡುಗರಿಗೆ ಗೊತ್ತಿಲ್ಲ. ಲಾಕ್‌ರಿಜ್ ಎಂದರೆ ಅವರಿಗೆ ಕರಿ ಅಕ್ರೋಟು.

ನಾನು ಅಲ್ಲಿ ಮೂವತ್ತಮೂರು ವರ್ಷ ಗಣಿತ ಪಾಠ ಹೇಳಿದೆ. ಅದರಲ್ಲಿ ಹನ್ನೊಂದು ವರ್ಷ ಐಸ್‌ಕ್ರೀಮಿಗೆ ಹೆಸರಿಡುವ ಡೈರಿಯ ಸಮಿತಿಯಲ್ಲಿದ್ದೆ. ಸಮಿತಿಯಲ್ಲಿ ಮೂರು ಜನ: ಒಬ್ಬ ಅಧ್ಯಾಪಕ, ಒಬ್ಬ ವಿದ್ಯಾರ್ಥಿ, ಮತ್ತು ಆರ್ಡಿಸ್ ವೆಟ್ಜೆಲ್. ಅಧ್ಯಾಪಕ ಮತ್ತು ವಿದ್ಯಾರ್ಥಿಯ ಕೆಲಸ ತಿನ್ನುವುದು, ಆಮೇಲೆ ಬಾಯಿ ಮುಚ್ಚಿಕೊಂಡಿರುವುದು. ಉಳಿದದ್ದೆಲ್ಲ ಆರ್ಡಿಸ್ ಅವರದು. ಆಕೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ಹಾಲಿನ ಕ್ಯಾನು ತೊಳೆಯಲು ಸೇರಿದವರು. ಏಳು ವರ್ಷದಲ್ಲಿ ಐಸ್‌ಕ್ರೀಮ್ ಮಾಡುವ ಜವಾಬ್ದಾರಿ ಆಕೆಯ ಪಾಲಿಗೆ ಬಂತು. ಗಿಡ್ಡ ದೇಹ, ಗಟ್ಟಿ ತೋಳು, ತಲೆಗೆ ಸದಾ ಬಿಳಿಯ ಬಲೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಡೈರಿ ವಿಭಾಗದ ಪ್ರೊಫೆಸರುಗಳು ಏನಾದರೂ ಅನುಮಾನ ಬಂದರೆ ಪುಸ್ತಕ ನೋಡುವ ಮೊದಲು ಆಕೆಯನ್ನು ಕೇಳುತ್ತಿದ್ದರು.

ಪದ್ಧತಿ ಹೀಗೆ. ಹೊಸ ಅಧ್ಯಕ್ಷರು ಜುಲೈನಲ್ಲಿ ಅಧಿಕಾರ ವಹಿಸಿಕೊಳ್ಳುತ್ತಾರೆ. ಸೆಪ್ಟೆಂಬರಿನ ಮೊದಲನೆಯ ಶುಕ್ರವಾರ, ಮಧ್ಯಾಹ್ನ ಮೂರು ಗಂಟೆಗೆ, ಡೈರಿಯ ಕಲ್ಲಿನ ಮೆಟ್ಟಿಲ ಮೇಲೆ ಅವರ ಕೈಗೆ ಒಂದು ಕಪ್ ಕೊಡುತ್ತಾರೆ. ಒಳಗೆ ಏನಿದೆ ಎಂದು ಅವರಿಗೆ ಮೊದಲೇ ಹೇಳುವಂತಿಲ್ಲ. ಅವರು ಎಲ್ಲರೆದುರಿಗೆ ಅದನ್ನು ಪೂರ್ತಿ ತಿಂದು, ಖಾಲಿ ಕಪ್ಪನ್ನು ಕಬ್ಬಿಣದ ಕಟಕಟೆಯ ತಲೆಯ ಮೇಲೆ ಮಗುಚಿ ಇಡಬೇಕು. ಆಗ ಡೈರಿಯವರು ಹಲಗೆಗೆ ಹೆಸರು ಏರಿಸುತ್ತಾರೆ. ಮಗುಚದಿದ್ದರೆ ಹೆಸರಿಲ್ಲ. ಒಮ್ಮೆ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡವನ್ನು ಗೆಲ್ಲಿಸಿಕೊಟ್ಟ ತರಬೇತುದಾರರೊಬ್ಬರು ತಮ್ಮ ಹೆಸರಿನಲ್ಲೂ ಒಂದು ಐಸ್‌ಕ್ರೀಮ್ ಆಗಲಿ ಎಂದು ಕೇಳಿಕೊಂಡಾಗ, ಆರ್ಡಿಸ್ ಅವರಿಗೆ ಒಂದು ಕೋನ್ ಬಿಟ್ಟಿ ಕೊಟ್ಟು ಕಳುಹಿಸಿದ್ದರು.

ಅಧ್ಯಕ್ಷರ ನಾಲಗೆಯ ಗುಟ್ಟನ್ನು ಆರ್ಡಿಸ್ ಅಧ್ಯಕ್ಷರನ್ನೇ ಕೇಳಿ ತಿಳಿದುಕೊಳ್ಳುತ್ತಿರಲಿಲ್ಲ. ದೊಡ್ಡ ಮನುಷ್ಯರನ್ನು ಕೇಳಿದರೆ ಎಲ್ಲರೂ ಸ್ಟ್ರಾಬೆರಿ ಎನ್ನುತ್ತಾರೆ ಎಂಬುದು ಆಕೆಯ ಅನುಭವ. ಅವರು ಹುಟ್ಟಿ ಬೆಳೆದ ಊರಿನ ಕಡೆಯಿಂದ ಹೋಗಬೇಕು. ಎಂಟನೆಯ ಅಧ್ಯಕ್ಷರು ಅನಾಥಾಲಯದಲ್ಲಿ ಬೆಳೆದವರು. ಆರ್ಡಿಸ್ ಅಲ್ಲಿನ ಹಳೆಯ ಅಡುಗೆಯವಳನ್ನು ಹುಡುಕಿ, ಭಾನುವಾರದ ಬ್ರೆಡ್ಡಿನ ಪಾಯಸ ಹೇಗೆ ಮಾಡುತ್ತಿದ್ದಳು ಎಂದು ಕೇಳಿಕೊಂಡು ಬಂದರು. ತಳ ಹತ್ತಿಸುತ್ತಿದ್ದೆ ಎಂದಳಂತೆ ಆಕೆ. ಆರ್ಡಿಸ್ ಕೂಡ ತಳ ಹತ್ತಿಸಿದರು. ಅಧ್ಯಕ್ಷರು ಎರಡು ಕಪ್ ತಿಂದರು.

ಆದರೆ ಆಕೆಯ ನಿಜವಾದ ಆಸ್ತಿ ಚರ್ಚಿನ ಅಡುಗೆ ಪುಸ್ತಕಗಳು. ನಮ್ಮ ಡಕೋಟದ ಬಯಲಿನಲ್ಲಿ ಯಾವ ಊರಿಗೆ ಹೋದರೂ ಚರ್ಚಿನ ಹೆಂಗಸರು ಇಪ್ಪತ್ತು ಇಪ್ಪತ್ತೈದು ವರ್ಷಕ್ಕೊಮ್ಮೆ ತಮ್ಮ ತಮ್ಮ ಮನೆಯ ಪಾಕವಿಧಾನಗಳನ್ನು ಸೇರಿಸಿ ಒಂದು ಪುಸ್ತಕ ಮಾಡುತ್ತಾರೆ. ಆರ್ಡಿಸ್ ಅವರ ಅಡುಗೆಮನೆಯ ಕಪಾಟಿನಲ್ಲಿ ಅಂಥವು ನೂರ ಅರವತ್ತು ಇದ್ದವು. ಪ್ರತಿಯೊಂದು ಪಾಕದ ಕೆಳಗೂ ಕೊಟ್ಟವರ ಹೆಸರು ಇರುತ್ತದೆ. ಹೆಂಗಸರು ತಮ್ಮ ಹೆಸರನ್ನು ಹಾಕಿಕೊಳ್ಳುವುದಿಲ್ಲ, ಗಂಡನ ಹೆಸರಿನ ಹಿಂದೆ ಮಿಸೆಸ್ ಎಂದು ಸೇರಿಸಿಕೊಳ್ಳುತ್ತಾರೆ. ಆರ್ಡಿಸ್ ಅವರ ಚರ್ಚಿನ ಪುಸ್ತಕದಲ್ಲೂ ನಾಲ್ಕು ಪಾಕಗಳು ‘ಮಿಸೆಸ್ ಲಿಯೋ ವೆಟ್ಜೆಲ್’ ಎಂದೇ ಇದ್ದವು. ಲಿಯೋ ಬದುಕಿದ್ದಾಗ ನೀರು ಕುದಿದಿದೆಯೋ ಇಲ್ಲವೋ ಎಂಬುದನ್ನೂ ಹೆಂಡತಿಯನ್ನು ಕರೆದು ಕೇಳುತ್ತಿದ್ದ ಮನುಷ್ಯ.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಮೆರಿಲ್ ಓವರ್‌ಗಾರ್ಡ್ ನಮ್ಮ ಒಂಬತ್ತನೆಯ ಅಧ್ಯಕ್ಷರಾದರು. ನಮ್ಮ ರಾಜ್ಯದಲ್ಲೇ ಹುಟ್ಟಿ, ನಮ್ಮಲ್ಲೇ ಮಣ್ಣಿನ ಶಾಸ್ತ್ರ ಓದಿ, ಅಧ್ಯಕ್ಷ ಪದವಿಗೆ ಬಂದ ಮೊದಲಿಗರು. ತೊಂಬತ್ತು ಮೈಲು ಪಶ್ಚಿಮಕ್ಕಿರುವ ಟ್ರೂಲ್ಸನ್ ಎಂಬ ಹಳ್ಳಿಯ ರೈತರ ಮಗ. ಎಲ್ಲರಿಗೂ ಸಂತೋಷವಾಗಿತ್ತು. ಎಲ್ಲರಿಗಿಂತ ಹೆಚ್ಚು ಆರ್ಡಿಸ್ ಅವರಿಗೆ. ಆಕೆಗೆ ಅರವತ್ತನಾಲ್ಕು ತುಂಬಿತ್ತು. ಆರೆಗನ್ನಿನಲ್ಲಿದ್ದ ತಂಗಿ ಒಂದು ಕೋಣೆಗೆ ಹೊಸ ಬಣ್ಣ ಬಳಿಸಿ ಕಾಯುತ್ತಿದ್ದಳು. ಸೆಪ್ಟೆಂಬರ್ ಕೊನೆಗೆ ನಿವೃತ್ತಿ ಎಂದು ಅರ್ಜಿ ಆಗಲೇ ಕೊಟ್ಟಾಗಿತ್ತು. ಓವರ್‌ಗಾರ್ಡ್ ಅವರ ಹೆಸರನ್ನು ಹಲಗೆಗೆ ಏರಿಸಿ ಹೊರಡುವುದೊಂದು ಬಾಕಿ.

ಟ್ರೂಲ್ಸನ್ ಚರ್ಚಿನ ಪುಸ್ತಕ ಕಪಾಟಿನಲ್ಲೇ ಇತ್ತು, ಐವತ್ತಾರನೆಯ ಇಸವಿಯದು. ಸಿಹಿ ತಿಂಡಿಗಳ ಭಾಗದಲ್ಲಿ ‘ಚೋಕ್‌ಚೆರ್ರಿ ಗಂಜಿ, ಮಿಸೆಸ್ ಪಾಮರ್ ಓವರ್‌ಗಾರ್ಡ್’ ಎಂದಿತ್ತು. ಪಾಮರ್ ಎಂಬುದು ಅಧ್ಯಕ್ಷರ ತಂದೆಯ ಹೆಸರು ಎಂದು ಪತ್ರಿಕೆಯಲ್ಲಿ ಬಂದಿತ್ತು. ಇನ್ನೇನು ಬೇಕು? ಚೋಕ್‌ಚೆರ್ರಿ ಎಂದರೆ ಬೇಲಿ ಸಾಲಿನಲ್ಲಿ ತಾನಾಗಿ ಬೆಳೆಯುವ ಕಪ್ಪು ಹಣ್ಣು. ಬರಿಬಾಯಿಗೆ ಹಾಕಿಕೊಂಡರೆ ಒಗರಿಗೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅದರ ರಸವನ್ನು ಕುದಿಸಿ, ಗಟ್ಟಿ ಮಾಡಿ, ತಣಿಸಿ, ಕೆನೆ ಹಾಕಿ, ಮೇಲೆ ರಸ್ಕ್ ಮುರಿದು ಉದುರಿಸಿ ತಿನ್ನುವ ಗಂಜಿ ಅದು. ಕೊನೆಯ ಸಾಲು ಹೀಗಿತ್ತು: ‘ಏಲಕ್ಕಿಯನ್ನು ಪುಡಿ ಮಾಡಬಾರದು, ಹಲ್ಲಿಗೆ ಸಿಗಬೇಕು.’ ಆ ಸಾಲು ನನಗೆ ತುಂಬ ಇಷ್ಟವಾಯಿತು.

ಆಗಸ್ಟಿನಲ್ಲಿ ಆರ್ಡಿಸ್ ರೈಲು ಹಳಿಯ ಪಕ್ಕ ತಾವೇ ಹೋಗಿ ನಾಲ್ಕು ಬಕೆಟ್ ಹಣ್ಣು ಕಿತ್ತು ತಂದರು. ಮೊದಲ ಸಲ ಮಾಡಿದ್ದನ್ನು ನಾವು ಮೂವರೂ ನುಂಗಲಾರದೆ ನುಂಗಿದೆವು. ಡೈರಿಯ ಮೇಸ್ತ್ರಿ ಡ್ವೇನ್ ಸಮಿತಿಯವನಲ್ಲದಿದ್ದರೂ ಚಮಚ ಹಿಡಿದು ಬಂದಿದ್ದ. ಐವತ್ತು ದಾಟಿದ ಮನುಷ್ಯ, ಆರ್ಡಿಸ್ ಅವರ ನಂತರ ಆ ಕೆಲಸ ಅವನಿಗೇ ಎಂದು ಗೊತ್ತಾಗಿತ್ತು.

“ಏನ್ ಆರ್ಡಿಸ್, ಹೊಸ ಅಧ್ಯಕ್ಷರನ್ನ ಬಂದ್ ತಿಂಗಳಲ್ಲೇ ಓಡಿಸ್ಬೇಕು ಅಂತ ಇದೀರಾ?” ಎಂದ.

“ನಿನ್ ನಾಲಿಗೆಗೆ ಸುಟ್ಟ ಕಾಫಿ ಬಿಟ್ರೆ ಇನ್ನೇನ್ ಗೊತ್ತಯ್ಯಾ. ಹೋಗು, ಆ ಪೈಪ್ ತೊಳಿ.”

ಆಕೆ ಆರು ಸಲ ಮಾಡಿದರು. ಸಕ್ಕರೆಯನ್ನು ಏರಿಸಿದರು, ಕೆನೆಯನ್ನು ಬದಲಿಸಿದರು, ರಸ್ಕನ್ನು ಬೆಣ್ಣೆಯಲ್ಲಿ ಹುರಿದರು. ಏಲಕ್ಕಿಯನ್ನು ಮಾತ್ರ ಪುಸ್ತಕ ಹೇಳಿದಂತೆಯೇ ಜಜ್ಜಿ ಹಾಕಿದರು. ಆರನೆಯದನ್ನು ತಿಂದ ಡ್ವೇನ್ ಇನ್ನೊಂದು ಚಮಚ ತೆಗೆದುಕೊಂಡ.

ಸೆಪ್ಟೆಂಬರಿನ ಆ ಶುಕ್ರವಾರ ಬಿಸಿಲು ಚೆನ್ನಾಗಿತ್ತು. ಮೆಟ್ಟಿಲ ಮುಂದೆ ಮುನ್ನೂರು ಜನ ಸೇರಿದ್ದರು. ಓವರ್‌ಗಾರ್ಡ್ ಎತ್ತರದ, ತೆಳ್ಳಗಿನ ಮನುಷ್ಯ. ಅಂಗಿಯ ತೋಳು ಮಡಿಸಿಕೊಂಡು ನಗುತ್ತ ಬಂದರು. ಕಪ್ ತೆಗೆದುಕೊಂಡು ಒಂದು ಚಮಚ ಬಾಯಿಗಿಟ್ಟರು. ಅವರ ದವಡೆ ಅಲ್ಲಿಗೆ ನಿಂತಿತು. ಪಕ್ಕದಲ್ಲೇ ಇದ್ದ ನನಗೆ ಅದು ಕಂಡಿತು. ಔಷಧಿ ನುಂಗಿದ ಹಾಗೆ ನುಂಗಿ, ಮೆಲ್ಲಗೆ ಇದು ಎಲ್ಲಿಂದ ಬಂತು ಎಂದು ಕೇಳಿದರು. ಆರ್ಡಿಸ್ ಮುಖವರಳಿಸಿ, ನಿಮ್ಮ ತಾಯಿಯವರ ಕೈಯಿಂದ ಸರ್, ಎಂದರು.

ಅವರು ಕಪ್ಪನ್ನು ಕಟಕಟೆಯ ಮೇಲೆ ಇದ್ದ ಹಾಗೇ ಇಟ್ಟರು. ಹೊಟ್ಟೆ ಸರಿಯಿಲ್ಲ, ಕ್ಷಮಿಸಬೇಕು ಎಂದು ಎಲ್ಲರಿಗೂ ಹೇಳಿ, ಡೈರಿಯವರಿಗೆ ವಂದಿಸಿ, ಹುಲ್ಲು ಹಾಸು ದಾಟಿ ನಡೆದುಬಿಟ್ಟರು. ಜನ ತಮ್ಮ ತಮ್ಮ ಪಾಲನ್ನು ತಿನ್ನತೊಡಗಿದರು. ಆ ಕಪ್ಪಿನಲ್ಲಿದ್ದದ್ದು ಬಿಸಿಲಿಗೆ ಕರಗಿ ಕಟಕಟೆಯ ಮೇಲೆ ನೇರಳೆ ಬಣ್ಣದಲ್ಲಿ ಇಳಿಯಿತು. ಆರ್ಡಿಸ್ ಒದ್ದೆ ಬಟ್ಟೆ ತಂದು ಒರೆಸಿದರು. ಹಲಗೆಗೆ ಏರಿಸಲೆಂದು ಬರೆಸಿಟ್ಟಿದ್ದ ಹೆಸರಿನ ಮರದ ಪಟ್ಟಿಯನ್ನು ಡ್ವೇನ್ ಸದ್ದಿಲ್ಲದೆ ಒಳಗೆ ತೆಗೆದುಕೊಂಡು ಹೋದ.

ಸೋಮವಾರ ಆಕೆ ಅಧ್ಯಕ್ಷರನ್ನು ನೋಡಲು ಹೊರಟರು. ತಪ್ಪೆಲ್ಲಾಯಿತು ಎಂದು ತಿಳಿಯದೆ ಆರೆಗನ್ನಿಗೆ ಹೋಗಲಾರೆ ಎಂದರು. ಸಮಿತಿಯವನೆಂದು ನನ್ನನ್ನೂ ಜೊತೆಗೆ ಕರೆದರು. ಐವತ್ತಾರರ ಪುಸ್ತಕವನ್ನು ಕಾಗದದ ಚೀಲದಲ್ಲಿ ಹಾಕಿಕೊಂಡಿದ್ದರು.

ಓವರ್‌ಗಾರ್ಡ್ ನಮ್ಮನ್ನು ಆದರದಿಂದಲೇ ಕೂರಿಸಿದರು. ಪುಟವನ್ನು ನೋಡಿ, ಕನ್ನಡಕ ತೆಗೆದು, ಬಹಳ ಸಮಾಧಾನದಿಂದ ಹೇಳಿದರು:

“ಇದು ನಮ್ಮಮ್ಮ ಅಲ್ಲ, ಮಿಸೆಸ್ ವೆಟ್ಜೆಲ್. ನಮ್ಮಮ್ಮ ಮೂವತ್ತೆರಡನೇ ಇಸ್ವೀಲೇ ತೀರ್ಕೊಂಡ್ರು. ನನಗಾಗ ಮೂರು ವರ್ಷ. ಇದು ಆಲ್ವಿನಾ. ಅಪ್ಪ ಆಮೇಲೆ ಮಾಡ್ಕೊಂಡೋರು.”

ಅವರೇ ಮುಂದುವರಿಸಿದರು. ಪ್ರತಿ ಆಗಸ್ಟಿನಲ್ಲೂ ಆಲ್ವಿನಾ ಆ ಗಂಜಿ ಮಾಡುತ್ತಿದ್ದರಂತೆ. ಏಲಕ್ಕಿಯ ಚೂರುಗಳನ್ನು ಹುಡುಗ ಉಗುಳುತ್ತಿದ್ದನಂತೆ. ಬಟ್ಟಲು ಬರಿದಾಗದೆ ಏಳುವಂತಿರಲಿಲ್ಲ; ಎಷ್ಟೋ ಸಲ ಎಲ್ಲರೂ ಎದ್ದು ಹೋದ ಮೇಲೂ ಅವನೊಬ್ಬನೇ ಅದರ ಮುಂದೆ ಕೂತಿರುತ್ತಿದ್ದನಂತೆ. ಆಕೆ ಕೆಟ್ಟವರಲ್ಲ ಎಂದೂ ಸೇರಿಸಿದರು. ಕ್ರಿಸ್‌ಮಸ್ಸಿಗೆ ಆಕೆಗೆ ಒಂದು ಕಾರ್ಡ್ ಕಳುಹಿಸುತ್ತಾರೆ, ಅಷ್ಟೆ. ತಾಯಿಯದು ಏನು ನೆನಪಿದೆ ಎಂದು ಆರ್ಡಿಸ್ ಕೇಳಿದರು. ಒಂದು ಫೋಟೋ ಇದೆ, ನೆನಪು ಅಂತ ಏನೂ ಇಲ್ಲ ಎಂದರು ಅವರು. ಧ್ವನಿ ಕೂಡ ಇಲ್ಲ.

ಆಮೇಲೆ, ಆಕೆಯನ್ನು ಸಮಾಧಾನ ಪಡಿಸಲೆಂದು, ಹಲಗೆಯಲ್ಲಿ ಜಾಗ ಖಾಲಿಯಿದ್ದರೆ ನಷ್ಟವೇನಿಲ್ಲ, ಬೇಕಾದರೆ ವೆನಿಲ್ಲಾಗೆ ನನ್ನ ಹೆಸರಿಟ್ಟುಬಿಡಿ, ತಿಂದು ಕಪ್ ಮಗುಚುತ್ತೇನೆ ಎಂದರು. ಆರ್ಡಿಸ್ ಎದ್ದು ನಿಂತರು.

“ವೆನಿಲ್ಲಾಗೆ ಈಗಾಗ್ಲೇ ಒಂದ್ ಹೆಸರಿದೆ ಸರ್. ವೆನಿಲ್ಲಾ ಅಂತ.”

ಹೊರಗೆ ಬಂದ ಮೇಲೆ ಮೆಟ್ಟಿಲಿಳಿಯುತ್ತ ಆಕೆ ನನಗೆ ಹೇಳಿದ್ದು ಒಂದೇ ಮಾತು. ಮೂವತ್ತೊಂದು ವರ್ಷದಲ್ಲಿ ಯಾರೂ ಕಪ್ ಹಿಂದಿರುಗಿಸಿರಲಿಲ್ಲ ಎಂಬುದು ಈಗ ಆಕೆಗೆ ದೊಡ್ಡದಾಗಿ ಕಾಣುತ್ತಿರಲಿಲ್ಲ. ಮೂರು ವರ್ಷದ ಮಗುವಿಗೆ ಆ ತಾಯಿ ಏನು ತಿನ್ನಿಸುತ್ತಿದ್ದಳು ಎಂಬುದನ್ನು ಪತ್ತೆ ಮಾಡದೆ ಹಲಗೆಗೆ ಇನ್ನೇನನ್ನೂ ಏರಿಸುವುದಿಲ್ಲ ಎಂದರು. ನಿವೃತ್ತಿಗೆ ಇನ್ನು ಮೂರು ವಾರವಿತ್ತು.

ಮುಂದಿನ ಶನಿವಾರವೇ ಟ್ರೂಲ್ಸನ್ನಿಗೆ ಹೋದೆವು. ಕಾರು ನನ್ನದು. ದಾರಿಯುದ್ದಕ್ಕೂ ಸೂರ್ಯಕಾಂತಿ ಹೊಲಗಳು ತಲೆ ಬಗ್ಗಿಸಿ ಕಟಾವಿಗೆ ನಿಂತಿದ್ದವು. ಚರ್ಚಿನ ಅಡುಗೆಮನೆಯ ಬೀಗದ ಕೈ ಇಟ್ಟುಕೊಂಡಿದ್ದ ಹೆಂಗಸು ನಮಗಾಗಿ ನೆಲಮಾಳಿಗೆ ತೆಗೆದರು. ಐವತ್ತಾರಕ್ಕೂ ಹಿಂದೆ ಒಂದು ಪುಸ್ತಕ ಇತ್ತು, ಚರ್ಚಿಗೆ ಐವತ್ತು ತುಂಬಿದಾಗ ಮಾಡಿದ್ದು, ಯಾರೂ ಈಗ ಅದನ್ನು ನೋಡುವುದಿಲ್ಲ ಎಂದು ಹೇಳುತ್ತ, ಕಾಫಿ ಪಾತ್ರೆಗಳ ಹಿಂದಿನಿಂದ ಒಂದು ಕಟ್ಟು ಎಳೆದರು. ಬೆರಳಚ್ಚು ಮಾಡಿದ ಹಾಳೆಗಳು, ಉಣ್ಣೆಯ ದಾರದಿಂದ ಹೊಲಿದದ್ದು. ಇಸವಿ ಸಾವಿರದ ಒಂಬೈನೂರ ಮೂವತ್ತೊಂದು.

ಆರ್ಡಿಸ್ ಮಡಿಸುವ ಕುರ್ಚಿಯೊಂದರಲ್ಲಿ ಕೂತು ಪುಟ ತಿರುವಿದರು. ಒಂದು ಕಡೆ ನಿಲ್ಲಿಸಿ, ಬಹಳ ಹೊತ್ತು ನೋಡಿ, ತಾವು ತಂದಿದ್ದ ಐವತ್ತಾರರದ್ದನ್ನೂ ಸೇರಿಸಿ ಎರಡೂ ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟರು.

“ನೀವು ಲೆಕ್ಕದ ಮೇಷ್ಟ್ರು. ಅದೂ ಇದೂ ಒಂದೇನಾ ಹೇಳಿ.”

ನಾನು ಸಾಲು ಸಾಲಾಗಿ ಓದಿದೆ. ಹಣ್ಣು ನಾಲ್ಕು ಲೋಟ, ಸಕ್ಕರೆ ಒಂದು ಲೋಟ, ಕೆನೆ, ರಸ್ಕ್. ‘ಏಲಕ್ಕಿಯನ್ನು ಪುಡಿ ಮಾಡಬಾರದು, ಹಲ್ಲಿಗೆ ಸಿಗಬೇಕು.’ ಒಂದು ಅಕ್ಷರವೂ ಬೇರೆಯಾಗಿರಲಿಲ್ಲ. ಕೆಳಗೆ ಮಿಸೆಸ್ ಪಾಮರ್ ಓವರ್‌ಗಾರ್ಡ್ ಎಂದಿತ್ತು. ಮೂವತ್ತೊಂದರಲ್ಲಿ ಮಿಸೆಸ್ ಪಾಮರ್ ಓವರ್‌ಗಾರ್ಡ್ ಎಂದರೆ ಮೆರಿಲ್ ಅವರ ತಾಯಿ. ಐವತ್ತಾರರಲ್ಲಿ ಮಿಸೆಸ್ ಪಾಮರ್ ಓವರ್‌ಗಾರ್ಡ್ ಎಂದರೆ ಆಲ್ವಿನಾ. ಆ ಹುಡುಗ ಹಠ ಹಿಡಿದು ಉಗುಳಿದ್ದು ಅವನ ತಾಯಿಯ ಗಂಜಿಯನ್ನೇ.

ಆಲ್ವಿನಾ ಧಾನ್ಯದ ಗೋದಾಮಿನ ಹತ್ತಿರದ ಸಣ್ಣ ಮನೆಯಲ್ಲಿದ್ದರು. ಎಪ್ಪತ್ತೆಂಟು ವರ್ಷ. ಮೊಣಕಾಲು ನೋವು, ಮಾತು ಕಡಿಮೆ. ಕಾಫಿಯ ಜೊತೆಗೆ ಬೆಣ್ಣೆ ಸವರಿದ ಆಲೂಗಡ್ಡೆ ರೊಟ್ಟಿ ಕೊಟ್ಟರು. ಹಳೆಯ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಾಗ ಆಶ್ಚರ್ಯ ಪಡಲಿಲ್ಲ. ಅದರ ಉಣ್ಣೆ ದಾರವನ್ನು ಬೆರಳಿನಿಂದ ನೇವರಿಸಿದರು.

ಅವರು ಹೇಳಿದ್ದು ಇಷ್ಟು. ಮದುವೆಯಾಗಿ ಆ ಮನೆಗೆ ಬಂದಾಗ ಅಡುಗೆಮನೆಯ ಡ್ರಾಯರಿನಲ್ಲಿ ಆ ಪುಸ್ತಕದ ಒಂದು ಪ್ರತಿಯಿತ್ತು. ಗಂಜಿಯ ಪುಟಕ್ಕೆ ಹಣ್ಣಿನ ಕಲೆ ಹತ್ತಿತ್ತು. ಕಲೆ ಹತ್ತಿದ ಪುಟ ಎಂದರೆ ಮನೆಯಲ್ಲಿ ಮತ್ತೆ ಮತ್ತೆ ಮಾಡಿದ್ದು ಎಂದು ಯಾವ ಹೆಂಗಸಿಗಾದರೂ ತಿಳಿಯುತ್ತದೆ. ಪಾಮರ್ ಒಳ್ಳೆಯ ಗಂಡ, ಆದರೆ ಮೊದಲನೆಯ ಹೆಂಡತಿಯ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಎತ್ತಿದರೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು. ಆದ್ದರಿಂದ ಆಲ್ವಿನಾ ಹೆಸರೆತ್ತಲಿಲ್ಲ. ಗಂಜಿ ಮಾಡಿದರು.

ಮುಂದೆ ಮಗ ದೊಡ್ಡವನಾದ ಮೇಲಾದರೂ ಹೇಳಬಹುದಿತ್ತಲ್ಲ ಎಂದು ಆರ್ಡಿಸ್ ಕೇಳಿದರು.

“ಹೇಳಿದ್ರೆ ನಂಬ್ತಿದ್ನಾ? ನಮ್ಮಮ್ಮಂದೂ ಕಿತ್ಕೊಂಡ್ಳು ಅಂತಿದ್ದ.” ಆಲ್ವಿನಾ ಕಾಫಿಗೆ ಇನ್ನಷ್ಟು ಕೆನೆ ಹಾಕಿಕೊಂಡರು. “ತಿನ್ನೋವರ್ಗೂ ಕೂರಿಸ್ತಿದ್ದೆ, ನಿಜ. ಬೇರೆ ಏನ್ ಬಿಟ್ರೂ ಸುಮ್ನಿರ್ತಿದ್ದೆ. ಅದೊಂದನ್ನ ಬಿಡೋಕೆ ಬಿಡ್ಲಿಲ್ಲ. ಅವಳದು ಅಂತ ಇದ್ದಿದ್ದು ಅದೊಂದೇ.”

ಐವತ್ತಾರರಲ್ಲಿ ಚರ್ಚಿನ ಹೆಂಗಸರು ಪಾಕ ಕೇಳಿದಾಗ ಅದನ್ನೇ ಕೊಟ್ಟರಂತೆ. ತಮ್ಮದೂ ಒಂದೆರಡು ಒಳ್ಳೆಯ ಪಾಕ ಇದ್ದವು, ಆದರೂ.

“ಹೊಸಾ ಪುಸ್ತಕದಲ್ಲೂ ಅವಳ್ದು ಇರ್ಲಿ ಅಂತ. ಹೆಸರು ಹೆಂಗೂ ಒಂದೇ ಇತ್ತಲ್ಲ.”

ಮೆರಿಲ್‌ಗೆ ತಿಳಿಸಬಹುದೇ ಎಂದದ್ದಕ್ಕೆ ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಾನು ಹೇಳಿ ಕಳಿಸಿದೆ ಅಂತ ಮಾತ್ರ ಹೇಳಬೇಡಿ ಎಂದರು.

ಹಿಂದಿರುಗುವಾಗ ಆರ್ಡಿಸ್ ಎರಡೂ ಪುಸ್ತಕಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆಮೇಲೆ ಕಿಟಕಿಯಾಚೆ ನೋಡುತ್ತ, “ತೋರಿಸಿದ್ರೆ ಐವತ್ ವರ್ಷದ ಸಿಟ್ಟು ಅವರ ಕೈಯಿಂದ ಕಿತ್ಕೊಂಡ ಹಾಗೆ. ತೋರಿಸ್ದೇ ಇದ್ರೆ ಅವರ ತಾಯೀನ ನಾವು ಬಚ್ಚಿಟ್ಟ ಹಾಗೆ. ಯಾವ್ದು ಕಮ್ಮಿ ತಪ್ಪು ಮೇಷ್ಟ್ರೆ?” ಎಂದರು. ಉತ್ತರ ಸಿಗುವ ಲೆಕ್ಕಗಳಷ್ಟೇ ನನಗೆ ಬರುವುದು ಎಂದೆ. ಆಕೆ ನಕ್ಕರು. ಆದರೆ ತೀರ್ಮಾನವನ್ನು ಆಗಲೇ ಮಾಡಿದ್ದರೆಂದು ಕಾಣುತ್ತದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಧ್ಯಕ್ಷರ ಕಚೇರಿಯ ಬಾಗಿಲು ತೆಗೆದಾಗ ಎರಡು ಪುಸ್ತಕ ಹಿಡಿದು ಹೊರಗೆ ಕೂತಿದ್ದರು. ನಾನೂ ಇದ್ದೆ.

ಆಕೆ ಎರಡೂ ಪುಟ ತೆಗೆದು ಪಕ್ಕ ಪಕ್ಕ ಇಟ್ಟು, ಇಸವಿಯ ಮೇಲೆ ಬೆರಳಿಟ್ಟರು. ಓವರ್‌ಗಾರ್ಡ್ ಓದಿದರು. ಮತ್ತೆ ಓದಿದರು. ಮೂವತ್ತೊಂದರ ಪುಟವನ್ನು ಹತ್ತಿರ ಹಿಡಿದು ಕೊನೆಯ ಸಾಲನ್ನು ತುಟಿಯಲ್ಲೇ ಓದಿಕೊಂಡರು. ಡ್ರಾಯರಿನ ವಿಷಯ, ಕಲೆಯ ವಿಷಯ, ಕೊಟ್ಟಿಗೆಗೆ ಎದ್ದು ಹೋಗುತ್ತಿದ್ದ ತಂದೆಯ ವಿಷಯ ಆರ್ಡಿಸ್ ಹೇಳಿದರು. ಅವರು ಕೇಳಿಕೊಂಡು, ಈ ಪುಸ್ತಕ ಒಂದೆರಡು ದಿನ ನನ್ನ ಹತ್ತಿರ ಇರಬಹುದೇ ಎಂದರು. ನಾವು ಎದ್ದು ಬಂದೆವು. ಆ ಬೆಳಿಗ್ಗೆ ಅವರು ಯಾರನ್ನೂ ಒಳಗೆ ಬಿಡಲಿಲ್ಲ ಎಂದು ಆಮೇಲೆ ತಿಳಿಯಿತು.

ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ ಓವರ್‌ಗಾರ್ಡ್ ಡೈರಿಯ ಹಿಂಬಾಗಿಲಿಗೆ, ಹಾಲಿನ ಲಾರಿ ನಿಲ್ಲುವ ಕಡೆಗೆ, ಒಬ್ಬರೇ ಬಂದರು. ಅಂದು ಮೆಟ್ಟಿಲ ಮೇಲೆ ಕೊಟ್ಟದ್ದು ಇನ್ನೂ ಇದೆಯೇ ಎಂದು ಕೇಳಿದರು. ಡ್ವೇನ್ ತಣ್ಣನೆಯ ಕೋಣೆಯಿಂದ ತಂದು ಕೊಟ್ಟ. ನಾನು ಅಂದು ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಅಲ್ಲಿದ್ದೆ. ಅಧ್ಯಕ್ಷರು ಉಕ್ಕಿನ ಮೇಜಿಗೆ ಒರಗಿ ನಿಂತು, ಅವಸರವಿಲ್ಲದೆ ತಿಂದರು. ಏಲಕ್ಕಿ ಹಲ್ಲಿಗೆ ಸಿಕ್ಕಾಗಲೆಲ್ಲ ಒಂದು ಕ್ಷಣ ತಡೆದು, ಅಗಿದು, ಮುಂದುವರಿಯುತ್ತಿದ್ದರು. ನಡುವೆ ಒಮ್ಮೆ ಆಲ್ವಿನಾ ಹೇಗಿದ್ದಾರೆ ಎಂದು ಕೇಳಿದರು. ಮೆಟ್ಟಿಲು ಹತ್ತುವುದು ಕಷ್ಟವಾಗಿದೆ ಎಂದು ಆರ್ಡಿಸ್ ಹೇಳಿದರು. ಕಪ್ ಬರಿದಾದ ಮೇಲೆ ಅವರು ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

ಆರ್ಡಿಸ್ ಅದನ್ನು ಎತ್ತಿ ತೊಟ್ಟಿಗೆ ಹಾಕಿದರು.

“ಇದು ಲೆಕ್ಕಕ್ಕಿಲ್ಲ ಸರ್. ಮೆಟ್ಟಿಲ ಮೇಲೆ ಆಗ್ಬೇಕು. ಸೆಪ್ಟೆಂಬರ್, ಮೊದಲ್ನೇ ಶುಕ್ರವಾರ, ಎಲ್ಲರೆದುರಿಗೆ.”

“ಅಯ್ಯೋ ಆರ್ಡಿಸ್, ಅವ್ರು ಅಧ್ಯಕ್ಷರು ಕಣ್ರೀ,” ಎಂದ ಡ್ವೇನ್.

“ಅಧ್ಯಕ್ಷರು ಬರ್ತಾರೆ, ಹೋಗ್ತಾರೆ. ಮೆಟ್ಟಿಲು ಇಲ್ಲೇ ಇರುತ್ತೆ.”

ಓವರ್‌ಗಾರ್ಡ್ ಆ ಶುಕ್ರವಾರದ ನಂತರ ಮೊದಲ ಬಾರಿಗೆ ನಕ್ಕರು. ಹಾಗಾದರೆ ಇನ್ನು ಹನ್ನೊಂದು ತಿಂಗಳು ಎಂದರು. ಆ ದಿನವೇ ಆರ್ಡಿಸ್ ನಿವೃತ್ತಿಯ ಅರ್ಜಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿದರು. ತಂಗಿ ಫೋನಿನಲ್ಲಿ, ಕೋಣೆಯ ಬಣ್ಣ ಮಾಸಿದರೆ ನೀನೇ ಬಳಿಯಬೇಕು ಎಂದಳಂತೆ. ಡ್ವೇನ್ ಎರಡು ದಿನ ಮುಖ ಊದಿಸಿಕೊಂಡಿದ್ದು ಸರಿಹೋದ.

ಆ ಚಳಿಗಾಲದಲ್ಲಿ ಆಲ್ವಿನಾ ಅವರಿಂದ ಆರ್ಡಿಸ್‌ಗೆ ಎರಡು ಕಾಗದ ಬಂದವು. ಮೊದಲನೆಯದರಲ್ಲಿ, ಮೆರಿಲ್ ಭಾನುವಾರ ಬಂದಿದ್ದ, ಕೋಟು ತೆಗೆಯದೆ ಕಾಲು ಗಂಟೆ ಕೂತಿದ್ದು ಹೋದ ಎಂದಿತ್ತು. ಎರಡನೆಯದು ಫೆಬ್ರವರಿಯಲ್ಲಿ ಬಂತು. ಈ ಸಲ ಕೋಟು ತೆಗೆದ ಎಂದಿತ್ತು. ಬೇರೆ ವಿಷಯವಿರಲಿಲ್ಲ. ಆರ್ಡಿಸ್ ಎರಡನ್ನೂ ನನಗೆ ಓದಲು ಕೊಟ್ಟು, ಮಡಿಸಿ ಏಪ್ರನ್ ಜೇಬಿನಲ್ಲಿಟ್ಟುಕೊಂಡರು.

ಮರುವರ್ಷದ ಸೆಪ್ಟೆಂಬರಿನಲ್ಲಿ ಜನ ಹಿಂದಿನ ಸಲಕ್ಕಿಂತ ಹೆಚ್ಚು ಸೇರಿದ್ದರು. ಅಧ್ಯಕ್ಷರು ಎರಡನೆಯ ಸಲ ಪರೀಕ್ಷೆಗೆ ಕೂರುತ್ತಿದ್ದಾರೆ ಎಂದು ವಿದ್ಯಾರ್ಥಿಗಳು ಹಾಸ್ಯ ಮಾಡುತ್ತಿದ್ದರು. ಓವರ್‌ಗಾರ್ಡ್ ಬೆಳಿಗ್ಗೆಯೇ ಟ್ರೂಲ್ಸನ್ನಿಗೆ ಹೋಗಿ ಆಲ್ವಿನಾ ಅವರನ್ನು ಕಾರಿನಲ್ಲಿ ಕರೆತಂದಿದ್ದರು. ಮೆಟ್ಟಿಲು ಹತ್ತಲಾಗದ್ದರಿಂದ ಕೆಳಗೆ ನೆರಳಿನಲ್ಲಿ ಒಂದು ಕುರ್ಚಿ ಹಾಕಿಸಿ ಕೂರಿಸಿದರು. ಆಕೆ ಭಾನುವಾರದ ಟೋಪಿ ಹಾಕಿಕೊಂಡು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಯಾರನ್ನೂ ನೋಡದೆ ನೇರ ಕೂತಿದ್ದರು.

ಅಧ್ಯಕ್ಷರು ತಿಂದರು. ಕೊನೆಯ ಚಮಚವನ್ನು ಕೆರೆದು ತಿಂದು, ಕಪ್ಪನ್ನು ಕಟಕಟೆಯ ಮೇಲೆ ಮಗುಚಿದರು. ಜನ ಚಪ್ಪಾಳೆ ಹೊಡೆದರು. ಒಳಗೆ ಡ್ವೇನ್ ಏಣಿ ಹತ್ತಿ ಹೆಸರಿನ ಪಟ್ಟಿಯನ್ನು ಹಲಗೆಗೆ ಸಿಕ್ಕಿಸಿದ. ಆರ್ಡಿಸ್ ಮಾತ್ರ ಅದ್ಯಾವುದನ್ನೂ ನೋಡಲಿಲ್ಲ. ಆಕೆ ಕೆಳಗಿಳಿದು ಹೋಗಿ ಆಲ್ವಿನಾ ಅವರ ಕೈಗೆ ಒಂದು ಕಪ್ ಕೊಟ್ಟು, ಫಲಿತಾಂಶಕ್ಕೆ ಕಾಯುವ ವಿದ್ಯಾರ್ಥಿನಿಯ ಹಾಗೆ ಎದುರಿಗೆ ನಿಂತಿದ್ದರು.

ಆಲ್ವಿನಾ ಮೂರು ಚಮಚ ತಿಂದರು.

“ಸಕ್ಕರೆ ಜಾಸ್ತಿ,” ಎಂದರು.

ತಣ್ಣಗಿದ್ದಾಗ ನಾಲಗೆಗೆ ಸಿಹಿ ಗೊತ್ತಾಗುವುದಿಲ್ಲ, ಅದಕ್ಕೇ ಸ್ವಲ್ಪ ಹೆಚ್ಚು ಹಾಕಬೇಕಾಯಿತು ಎಂದು ಆರ್ಡಿಸ್ ಸಮಜಾಯಿಷಿ ಹೇಳಿದರು. ಯಾರಿಗೂ ಹಾಗೆ ಸಮಜಾಯಿಷಿ ಹೇಳಿದ್ದನ್ನು ನಾನು ಕಂಡಿರಲಿಲ್ಲ.

“ಇರ್ಬಹುದು. ಥೋರಾ ಇಷ್ಟು ಹಾಕ್ತಿರ್ಲಿಲ್ಲ. ಒಗರು ತಿಳೀಬೇಕು.”

ಥೋರಾ ಎಂಬುದು ಓವರ್‌ಗಾರ್ಡ್ ಅವರ ತಾಯಿಯ ಹೆಸರು; ಒಂದೇ ಚರ್ಚಿನವರಾದ್ದರಿಂದ ಆಲ್ವಿನಾ ಆಕೆಯನ್ನು ಬಲ್ಲವರು. ಮೆಟ್ಟಿಲ ಮೇಲೆ ಯಾರದೋ ಕೈ ಕುಲುಕುತ್ತಿದ್ದ ಅಧ್ಯಕ್ಷರು ಆ ಹೆಸರು ಕಿವಿಗೆ ಬಿದ್ದು ಹಿಂದಿರುಗಿ ನೋಡಿದರು. ಕೈ ಬಿಡಿಸಿಕೊಂಡು ಇಳಿದು ಬಂದು, ಆಲ್ವಿನಾ ಅವರ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ, ಒಳ್ಳೆಯ ಸೂಟಿನಲ್ಲೇ, ಕೂತುಬಿಟ್ಟರು. ಅವರು ಏನು ಕೇಳಿದರೋ ನನಗೆ ಕೇಳಿಸಲಿಲ್ಲ. ಆಲ್ವಿನಾ ಕಪ್ಪನ್ನು ಅವರ ಕೈಗೆ ಹಿಡಿಯಲು ಕೊಟ್ಟು ಹೇಳತೊಡಗಿದರು. ತುಂಬ ಹೊತ್ತು ಹೇಳಿದರು. ನಾವು ದೂರ ಸರಿದೆವು.

ಆರ್ಡಿಸ್ ಮಾರನೆಯ ಬೆಳಿಗ್ಗೆಯೇ ಅರ್ಧ ಲೋಟ ಸಕ್ಕರೆ ಇಳಿಸಿ ಇನ್ನೊಮ್ಮೆ ಮಾಡಿದರು. ತಿಂಗಳ ಕೊನೆಗೆ ಆರೆಗನ್ನಿಗೆ ಹೊರಡುವಾಗ ಪಾಕದ ಕಾರ್ಡುಗಳ ಪೆಟ್ಟಿಗೆಯನ್ನು ಡ್ವೇನ್ ಕೈಗೆ ಒಪ್ಪಿಸಿದರು. ಓವರ್‌ಗಾರ್ಡ್ ಕಾರ್ಡಿನ ಕೆಳಗೆ, ಪಾಕ ಕೊಟ್ಟವರ ಜಾಗದಲ್ಲಿ, ಥೋರಾ ಎಂದೂ ಆಲ್ವಿನಾ ಎಂದೂ ಎರಡು ಹೆಸರು ಬರೆದಿದ್ದರು. ಪ್ರತಿ ಸಲ ಮಾಡಿದಾಗಲೂ ಟ್ರೂಲ್ಸನ್ನಿಗೆ ಒಂದು ಡಬ್ಬಿ ಕಳುಹಿಸಬೇಕು, ಆಲ್ವಿನಾ ಸರಿ ಎನ್ನುವವರೆಗೂ ಸಕ್ಕರೆ ಇಳಿಸುತ್ತ ಹೋಗಬೇಕು ಎಂದು ಹೇಳಿದರು. ಅವರು ಎಂದೂ ಸರಿ ಎನ್ನದಿದ್ದರೆ, ಎಂದು ಡ್ವೇನ್ ಕೇಳಿದ. ಹಾಗಾದರೆ ಇಳಿಸುತ್ತಲೇ ಇರು ಎಂದರು ಆರ್ಡಿಸ್.

ಡ್ವೇನ್ ಹೇಳಿದ ಹಾಗೇ ಮಾಡಿದ. ಮೂರನೆಯ ಡಬ್ಬಿ ಹೋದ ಮೇಲೆ ಡೈರಿಯ ವಿಳಾಸಕ್ಕೆ ಒಂದು ಅಂಚೆ ಕಾರ್ಡ್ ಬಂತು. ‘ಈಗ ಪರವಾಗಿಲ್ಲ’ ಎಂದಷ್ಟೇ ಬರೆದಿತ್ತು. ಡ್ವೇನ್ ಅದನ್ನು ಲಕೋಟೆಗೆ ಹಾಕಿ ಆರೆಗನ್ನಿಗೆ ಕಳುಹಿಸಿಕೊಟ್ಟ.